ಫೋರ್ಸ್ ಹಾಕಿದವರು ಯಾರು, ತೆಗೆಯುವವರು ಯಾರು?

ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್) ಪ್ಯಾನೆಲ್ ಪರೀಕ್ಷೆ ಮಾಡುವಾಗ ಇನ್‌ಪುಟ್, ಔಟ್‌ಪುಟ್‌ಗಳ ಬೆಲೆಯನ್ನು (ವ್ಯಾಲ್ಯೂ) ಕೈಯಿಂದ ಬದಲಿಸುವುದರ, ಅಂದರೆ ‘ಫೋರ್ಸ್’ ಮಾಡುವುದರ ಬಗ್ಗೆ ಮೈಸೂರು, ಮಂಡ್ಯ ಕಡೆಯ ಓದುಗರಿಂದ ಈ ಸಲ ಹೆಚ್ಚು ಪತ್ರಗಳು ಬಂದಿವೆ. ಒಂದನ್ನೊಂದು ಹೋಲುವ ಪ್ರಶ್ನೆಗಳನ್ನು ಸೇರಿಸಿ, ಊರಿನ ಹೆಸರಷ್ಟೇ ಉಳಿಸಿಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಘಟಕದಲ್ಲಿ ಸೀಮೆನ್ಸ್ ಎಸ್7-1200 ಇದೆ. ಹೊರಗಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರು ಪರೀಕ್ಷೆಗೆಂದು ನೀರಿನ ತೊಟ್ಟಿಯ ಹೈ ಲೆವೆಲ್ ಸ್ವಿಚ್ಚನ್ನು ಫೋರ್ಸ್ ಮಾಡಿ, ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರು. ರಾತ್ರಿ ಪಾಳಿಯಲ್ಲಿ ತೊಟ್ಟಿ ತುಂಬಿ ಹರಿಯಿತು. ಪ್ಯಾನೆಲ್‌ನ ಮೇನ್ ಆರಿಸಿ ಹಾಕಿದರೂ ಸರಿಹೋಗಿಲ್ಲ. ಪಿಎಲ್‌ಸಿ ಬದಲಿಸಬೇಕಾ?
– ಹೂಟಗಳ್ಳಿ, ಮೈಸೂರು

ಉತ್ತರ: ಬದಲಿಸಬೇಡಿ, ಅದು ಕೆಟ್ಟಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಪಾಲಿಸುತ್ತಿದೆ, ಅಷ್ಟೇ. ಎಸ್7-1200ರಲ್ಲಿ ಫೋರ್ಸ್ ಅನ್ನುವುದು ಲ್ಯಾಪ್‌ಟಾಪ್‌ನಲ್ಲಿ ಇರುವುದಲ್ಲ, ಸಿಪಿಯು ಒಳಗೆ ಬರೆದಿಟ್ಟದ್ದು. ಕೇಬಲ್ ಕಿತ್ತರೂ, ಟಿಐಎ ಪೋರ್ಟಲ್ (ಸೀಮೆನ್ಸ್‌ನ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್) ಮುಚ್ಚಿದರೂ, ಕರೆಂಟ್ ಹೋಗಿ ಬಂದರೂ ಅದು ಅಲ್ಲೇ ಇರುತ್ತದೆ. ಯಾರಾದರೂ ಆನ್‌ಲೈನ್ ಹೋಗಿ ‘ಫೋರ್ಸ್ ನಿಲ್ಲಿಸು’ ಎನ್ನುವವರೆಗೂ ಹೋಗುವುದಿಲ್ಲ.

ಲ್ಯಾಪ್‌ಟಾಪ್ ತರಿಸುವ ಮೊದಲು ಕಣ್ಣಲ್ಲೇ ನೋಡಬಹುದಾದ ಎರಡು ಗುರುತುಗಳಿವೆ. ಒಂದು, ಸಿಪಿಯು ಮುಖದ ಮೇಲಿನ ‘ಮೇಂಟ್’ ಎಂಬ ಹಳದಿ ದೀಪ. ಯಾವುದೇ ಒಂದು ಪಾಯಿಂಟ್ ಫೋರ್ಸ್ ಆಗಿದ್ದರೂ ಅದು ಉರಿಯುತ್ತದೆ. ಎರಡು, ಇನ್‌ಪುಟ್ ಟರ್ಮಿನಲ್ ಪಕ್ಕದ ಹಸಿರು ದೀಪ. ಅದು ತೋರಿಸುವುದು ತಂತಿಯಲ್ಲಿ ನಿಜವಾಗಿ ಏನು ಬರುತ್ತಿದೆ ಎಂಬುದನ್ನು, ಪ್ರೋಗ್ರಾಂ ಏನು ನಂಬಿದೆ ಎಂಬುದನ್ನಲ್ಲ. ಫ್ಲೋಟನ್ನು ಕೈಯಲ್ಲಿ ಎತ್ತಿ ಇಳಿಸಿ. ಹಸಿರು ದೀಪ ಹತ್ತಿ ಆರುತ್ತಿದ್ದು ಪಂಪ್ ಮಾತ್ರ ಕೇಳದಿದ್ದರೆ ವೈರಿಂಗೂ ಕಾರ್ಡೂ ಚೆನ್ನಾಗಿವೆ.

ತೆಗೆಯುವ ಬಗೆ ಹೀಗೆ. ಪ್ರಾಜೆಕ್ಟ್ ಫೈಲ್ ತೆರೆದು ಆನ್‌ಲೈನ್ ಹೋಗಿ. ಫೈಲ್ ಇಲ್ಲದಿದ್ದರೆ ಸಿಪಿಯುನಿಂದ ಅಪ್‌ಲೋಡ್ ಮಾಡಿಕೊಳ್ಳಿ, ಪಾಸ್‌ವರ್ಡ್ ಇದ್ದರೆ ಆ ಎಂಜಿನಿಯರನ್ನೇ ಕರೆಸಬೇಕಾಗುತ್ತದೆ. ‘ವಾಚ್ ಅಂಡ್ ಫೋರ್ಸ್ ಟೇಬಲ್ಸ್’ ಒಳಗೆ ಫೋರ್ಸ್ ಟೇಬಲ್ ಒಂದೇ ಒಂದು ಇರುತ್ತದೆ. ಅದರಲ್ಲಿ ವಿಳಾಸಗಳ ಕೊನೆಗೆ ‘:ಪಿ’ ಕಾಣುತ್ತದೆ, ಉದಾಹರಣೆಗೆ ಐ0.3:ಪಿ. ಸಿಪಿಯುನಲ್ಲಿ ಚಾಲ್ತಿಯಲ್ಲಿರುವ ಎಲ್ಲ ಫೋರ್ಸ್‌ಗಳನ್ನೂ ಟೇಬಲ್‌ಗೆ ತರಿಸಿಕೊಳ್ಳಿ. ನಿಮಗೆ ಒಂದೇ ಎಂದು ಹೇಳಿದ್ದರೂ ಮೂರು ಸಿಗಬಹುದು. ಸಾಲನ್ನು ಟೇಬಲ್‌ನಿಂದ ಅಳಿಸಿದ ಮಾತ್ರಕ್ಕೆ ಫೋರ್ಸ್ ಹೋಯಿತು ಎಂದುಕೊಳ್ಳಬೇಡಿ, ‘ಸ್ಟಾಪ್ ಫೋರ್ಸಿಂಗ್’ ಒತ್ತಲೇಬೇಕು. ಹಳದಿ ದೀಪ ಆರಿದ ಮೇಲೆ ಕೆಲಸ ಮುಗಿಯಿತು. ಆರದಿದ್ದರೆ ಇನ್ನೊಂದು ಫೋರ್ಸ್ ಉಳಿದಿದೆ, ಇಲ್ಲವೇ ಸಿಪಿಯು ಬೇರೇನೋ ದೂರು ಹೇಳುತ್ತಿದೆ. ಡಯಾಗ್ನೋಸ್ಟಿಕ್ ಬಫರ್ (ಸಿಪಿಯು ಬರೆದಿಡುವ ದೋಷಗಳ ಪಟ್ಟಿ) ಓದಿ.

ಒತ್ತುವ ಮೊದಲು ಒಂದು ನಿಮಿಷ ನಿಂತು ಹಸಿರು ದೀಪ ನೋಡಿ. ಫೋರ್ಸ್ ತೆಗೆದ ಕ್ಷಣವೇ ಪ್ರೋಗ್ರಾಂಗೆ ನಿಜವಾದ ಇನ್‌ಪುಟ್ ಸಿಗುತ್ತದೆ. ಅದರಿಂದ ಪಂಪ್ ಹೊರಡುವಂತಿದ್ದರೆ ಪಂಪಿನ ಬಳಿ ಯಾರಾದರೂ ಕೈ ಹಾಕಿಕೊಂಡು ಕೂತಿದ್ದಾರೆಯೇ ಎಂದು ನೋಡಿಕೊಳ್ಳಿ. ಹಾಕುವಾಗ ಎಲ್ಲರೂ ಹುಷಾರು, ತೆಗೆಯುವಾಗ ಯಾರೂ ಅಲ್ಲ.

ಇನ್ನೊಂದು ಮಾತು: ಫೋರ್ಸ್ ಬೆಲೆಗಳು ಮೆಮೊರಿ ಕಾರ್ಡ್‌ನಲ್ಲೂ ಕೂರಬಲ್ಲವು. ಆ ಕಾರ್ಡ್ ತೆಗೆದು ಬೇರೆ ಸಿಪಿಯುಗೆ ಹಾಕಿದರೆ ಫೋರ್ಸ್ ಅದರ ಜೊತೆಗೇ ಹೋಗುತ್ತದೆ. ಬಿಡಿಭಾಗಕ್ಕೆಂದು ಹಳೆ ಮೆಷಿನ್‌ನ ಕಾರ್ಡ್ ಎತ್ತಿಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಪ್ರಶ್ನೆ: ಐಟಿಐ ಲ್ಯಾಬ್‌ನಲ್ಲಿ ಮಿತ್ಸುಬಿಷಿ ಎಫ್‌ಎಕ್ಸ್ ಮೇಲೆ ಎಕ್ಸ್0 ಇನ್‌ಪುಟ್ ಅನ್ನು ಫೋರ್ಸ್ ಆನ್ ಮಾಡಿದರೆ ಹತ್ತಿದ ಹಾಗೆಯೇ ಕಾಣುವುದಿಲ್ಲ. ವೈ0 ಔಟ್‌ಪುಟ್ ಕೂಡ ನಿಲ್ಲುವುದಿಲ್ಲ. ಯೂಟ್ಯೂಬ್‌ನಲ್ಲಿ ಬೇರೆ ಪಿಎಲ್‌ಸಿಯಲ್ಲಿ ನಿಲ್ಲುತ್ತದಲ್ಲ ಸರ್?
– ಮಂಡ್ಯ

ಉತ್ತರ: ಹೆಸರು ಒಂದೇ, ಕೆಲಸ ಎರಡು. ಎಫ್‌ಎಕ್ಸ್‌ನ ‘ಫೋರ್ಸ್ ಆನ್’ ಆ ಬಿಟ್‌ಗೆ ಒಂದು ಸಲ 1 ಬರೆದು ಸುಮ್ಮನಾಗುತ್ತದೆ. ಮುಂದಿನ ಸ್ಕ್ಯಾನ್‌ನಲ್ಲಿ (ಪ್ರೋಗ್ರಾಂನ ಮುಂದಿನ ಸುತ್ತಿನಲ್ಲಿ) ಪಿಎಲ್‌ಸಿ ಎಲ್ಲ ಎಕ್ಸ್‌ಗಳನ್ನೂ ಟರ್ಮಿನಲ್‌ನಿಂದ ಹೊಸದಾಗಿ ಓದುತ್ತದೆ. ಟರ್ಮಿನಲ್‌ನಲ್ಲಿ ವೋಲ್ಟೇಜ್ ಇಲ್ಲ, ನಿಮ್ಮ 1 ಅಳಿಸಿಹೋಯಿತು. ಸ್ಕ್ಯಾನ್ ಕೆಲವೇ ಮಿಲಿಸೆಕೆಂಡ್, ಕಣ್ಣಿಗೆ ಹೇಗೆ ಕಂಡೀತು? ವೈ0ಗೆ ಲ್ಯಾಡರ್‌ನಲ್ಲಿ (ಪಿಎಲ್‌ಸಿ ಪ್ರೋಗ್ರಾಂನಲ್ಲಿ) ಕಾಯ್ಲ್, ಅಂದರೆ ಅದರ ಬೆಲೆ ಬರೆಯುವ ಸಾಲು, ಇದ್ದರೆ ಆ ಸಾಲು ಬಂದಾಗ ಪ್ರೋಗ್ರಾಂ ತನ್ನ ಬೆಲೆ ಬರೆದುಕೊಳ್ಳುತ್ತದೆ. ಎಲ್ಲೂ ಕಾಯ್ಲ್ ಇಲ್ಲದ ವೈ7 ಅನ್ನು ಆನ್ ಮಾಡಿ ನೋಡಿ, ನಿಲ್ಲುತ್ತದೆ, ಏಕೆಂದರೆ ಅದನ್ನು ತಿದ್ದುವವರು ಇಲ್ಲ.

ನೀವು ಯೂಟ್ಯೂಬ್‌ನಲ್ಲಿ ನೋಡಿದ್ದು ಹಿಡಿದು ನಿಲ್ಲಿಸುವ ಫೋರ್ಸ್. ಅದು ಪ್ರತಿ ಸ್ಕ್ಯಾನ್‌ನಲ್ಲೂ ಇನ್‌ಪುಟ್ ಓದಿದ ಮೇಲೆ, ಔಟ್‌ಪುಟ್ ಹೊರಡುವ ಮೊದಲು ತನ್ನ ಬೆಲೆಯನ್ನು ತೂರಿಸುತ್ತದೆ. ಹೊಸ ಸಾಫ್ಟ್‌ವೇರ್ ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇದು ಬರೆಯುತ್ತದೋ, ಹಿಡಿಯುತ್ತದೋ? ಟಿಐಎ ಪೋರ್ಟಲ್‌ನಲ್ಲಿ ವಾಚ್ ಟೇಬಲ್‌ನ ‘ಮಾಡಿಫೈ’ ಬರೆಯುವುದು, ಫೋರ್ಸ್ ಟೇಬಲ್ ಹಿಡಿಯುವುದು. ಕೋಡೆಸಿಸ್ ಎಂಬ ಪಿಎಲ್‌ಸಿ ಸಾಫ್ಟ್‌ವೇರ್‌ನಲ್ಲಿ ಕಂಟ್ರೋಲ್ ಜೊತೆ ಎಫ್7 ಒತ್ತಿದರೆ ಬರೆಯುತ್ತದೆ, ಬರೀ ಎಫ್7 ಒತ್ತಿದರೆ ಹಿಡಿಯುತ್ತದೆ, ಆಲ್ಟ್ ಜೊತೆ ಎಫ್7 ಬಿಡಿಸುತ್ತದೆ. ಒಂದು ಬೆರಳಿನ ಅಂತರ, ಪರಿಣಾಮದಲ್ಲಿ ಅಜಗಜಾಂತರ. ಓಮ್ರಾನ್‌ನಲ್ಲಿ ‘ಸೆಟ್’ ಬೇರೆ, ‘ಫೋರ್ಸ್’ ಬೇರೆ, ಜೊತೆಗೆ ಪಿಎಲ್‌ಸಿ ರನ್ ಮೋಡ್‌ನಲ್ಲಿದ್ದರೆ ಎರಡೂ ಆಗುವುದಿಲ್ಲ, ಮಾನಿಟರ್ ಮೋಡ್‌ಗೆ ತರಬೇಕು.

ಎಫ್‌ಎಕ್ಸ್‌ನಲ್ಲಿ ಎಕ್ಸ್0 ಪರೀಕ್ಷಿಸಲೇಬೇಕಾದರೆ ಟರ್ಮಿನಲ್‌ಗೇ ಒಂದು ಟಾಗಲ್ ಸ್ವಿಚ್ ಕಟ್ಟಿ. ಕಲಿಯುವವರಿಗೆ ಅದೇ ವಾಸಿ.

ಪ್ರಶ್ನೆ: ಕಾಂಪ್ಯಾಕ್ಟ್‌ಲಾಜಿಕ್ಸ್ ಪಿಎಲ್‌ಸಿ ಮೇಲೆ ಫೋರ್ಸ್ ದೀಪ ಮಿನುಗುತ್ತಿದೆ, ಆದರೆ ಮೆಷಿನ್ ಸರಿಯಾಗಿ ಓಡುತ್ತಿದೆ. ಬಿಟ್ಟುಬಿಡಬಹುದೆ?
– ಮೇಟಗಳ್ಳಿ, ಮೈಸೂರು

ಉತ್ತರ: ಬೇಡ. ಮಿನುಗುವ ಅಂಬರ್ ಎಂದರೆ ಫೋರ್ಸ್ ಬೆಲೆಗಳನ್ನು ತುಂಬಿಟ್ಟಿದ್ದಾರೆ, ಚಾಲೂ ಮಾಡಿಲ್ಲ. ಮಿನುಗದೆ ಉರಿದರೆ ಚಾಲೂ ಆಗಿದೆ. ಈಗಿನ ಸ್ಥಿತಿ ಬತ್ತಿಯಿಟ್ಟು ಬೆಂಕಿ ಹಚ್ಚದ ಪಟಾಕಿ: ನಾಳೆ ಯಾರೋ ತಮ್ಮ ಒಂದೇ ಒಂದು ಫೋರ್ಸ್‌ಗಾಗಿ ‘ಎನೇಬಲ್’ ಒತ್ತಿದರೆ ಹಳೆಯವೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಯಾವ ಯಾವ ಟ್ಯಾಗ್ ಎಂದು ಬರೆದುಕೊಂಡು ಎಲ್ಲವನ್ನೂ ತೆಗೆಯಿರಿ. ಇದರ ಮಗ್ಗುಲ ಬಲೆಯನ್ನೂ ನೋಡಿಕೊಳ್ಳಿ: ಚಾಲೂ ಸ್ಥಿತಿಯಲ್ಲಿ ಒಂದೊಂದಾಗಿ ತೆಗೆದರೆ ‘ಚಾಲೂ’ ಎಂಬ ಸ್ಥಿತಿ ಹಾಗೇ ಉಳಿಯುತ್ತದೆ. ಆಮೇಲೆ ಹಾಕುವ ಹೊಸ ಫೋರ್ಸ್ ಯಾರನ್ನೂ ಕೇಳದೆ ತಕ್ಷಣ ಕೆಲಸಕ್ಕೆ ಇಳಿಯುತ್ತದೆ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದೇನೆ. ಅರೆಯುವ ಹಂಗಾಮು ಶುರುವಾಗುವ ಮೊದಲು ಕಬ್ಬಿನ ಹಾಲಿನ ಹೀಟರ್‌ನ ತಾಪಮಾನದ ಲೂಪ್‌ಗಳನ್ನು ಪರೀಕ್ಷಿಸಬೇಕು. ಪಿಎಲ್‌ಸಿಯಲ್ಲೇ ಸಂಖ್ಯೆ ಫೋರ್ಸ್ ಮಾಡಿದರೆ ಸಾಕೆ? ಕ್ಯಾಲಿಬ್ರೇಟರ್ (ನಿಖರ ಸಿಗ್ನಲ್ ಕೊಡುವ ಸಾಧನ) ಇಟ್ಟುಕೊಂಡು ಓಡಾಡಲೇಬೇಕೆ?
– ಪಾಂಡವಪುರ

ಉತ್ತರ: ಎಲ್ಲಿ ನಿಂತು ಬೆಲೆ ತೂರಿಸುತ್ತೀರೋ ಅಲ್ಲಿಂದ ಮುಂದಿನದು ಮಾತ್ರ ಪರೀಕ್ಷೆಯಾಗುತ್ತದೆ, ಹಿಂದಿನದು ಆಗುವುದಿಲ್ಲ. ನಿಮ್ಮ ಲೂಪ್ ತೆಗೆದುಕೊಳ್ಳೋಣ: ಪಿಟಿ100 ಸೆನ್ಸರ್ (ತಾಪಮಾನಕ್ಕೆ ತಕ್ಕಂತೆ ರೋಧ ಬದಲಾಗುವಂಥದ್ದು), 0ರಿಂದ 150 ಡಿಗ್ರಿಗೆ ಸೆಟ್ ಮಾಡಿದ ಎರಡು ತಂತಿಯ ಟ್ರಾನ್ಸ್‌ಮಿಟರ್, 4–20 ಮಿಲಿಆಂಪ್, ಅಲ್ಲಿಂದ ಸೀಮೆನ್ಸ್ ಅನಲಾಗ್ ಕಾರ್ಡ್. ಪರದೆಯ ಮೇಲೆ 105 ಡಿಗ್ರಿ ಬರಬೇಕು ಎನ್ನಿ. ಅದನ್ನು ಮೂರು ಕಡೆಯಿಂದ ತರಬಹುದು.

ಪಿಎಲ್‌ಸಿಯಲ್ಲೇ ಕಚ್ಚಾ ಬೆಲೆ ಫೋರ್ಸ್ ಮಾಡುವುದು ಮೊದಲನೆಯದು. ಈ ಕಾರ್ಡ್‌ಗಳಲ್ಲಿ 4 ಮಿಲಿಆಂಪ್‌ಗೆ 0, 20ಕ್ಕೆ 27648. 105 ಡಿಗ್ರಿ ಎಂದರೆ ಶೇಕಡಾ 70, ಅಂದರೆ 19354. ಇದರಿಂದ ಸ್ಕೇಲಿಂಗ್, ಅಲಾರಂ, ಪರದೆ ಇಷ್ಟು ಸರಿಯಿದೆ ಎಂದು ತಿಳಿಯುತ್ತದೆ. ಟರ್ಮಿನಲ್ ಸ್ಕ್ರೂ ಸಡಿಲವಿದ್ದರೂ ಇದು ಪಾಸ್. ಎರಡನೆಯದು, ಟ್ರಾನ್ಸ್‌ಮಿಟರ್‌ನ ಬಳಿ ತಂತಿ ಕಳಚಿ ಕ್ಯಾಲಿಬ್ರೇಟರ್‌ನಿಂದ 15.2 ಮಿಲಿಆಂಪ್ ಕೊಡುವುದು. ಈಗ ಕೇಬಲ್, ಜಂಕ್ಷನ್ ಬಾಕ್ಸ್, ಕಾರ್ಡ್ ಕೂಡ ಪರೀಕ್ಷೆಗೆ ಸೇರಿದವು. ಮೂರನೆಯದು, ಸೆನ್ಸರ್ ಕಳಚಿ ಡಿಕೇಡ್ ಬಾಕ್ಸ್‌ನಿಂದ (ಬೇಕಾದ ರೋಧ ಇಡಬಹುದಾದ ಪೆಟ್ಟಿಗೆ) 140.40 ಓಮ್ ಇಡುವುದು. ಟ್ರಾನ್ಸ್‌ಮಿಟರ್‌ನ ಸೆಟ್ಟಿಂಗ್ ಕೂಡ ಈಗ ಸಿಕ್ಕಿಬೀಳುತ್ತದೆ. ಹಂಗಾಮಿಗೆ ಮೊದಲಿನ ಪರೀಕ್ಷೆಗೆ ಮೂರನೆಯದೇ ಸರಿ, ಸಮಯವಿಲ್ಲದಿದ್ದರೆ ಎರಡನೆಯದು. ಮೊದಲನೆಯದನ್ನು ಪ್ರೋಗ್ರಾಂ ಬರೆದವರು ಆಫೀಸಿನಲ್ಲೇ ಮುಗಿಸಿರಬೇಕಿತ್ತು.

ಬೆಲೆ ತಪ್ಪಿ ಬಂದರೆ ತಪ್ಪಿದ ರೀತಿಯೇ ಕಾರಣ ಹೇಳುತ್ತದೆ. 20 ಮಿಲಿಆಂಪ್‌ನಲ್ಲಿ 150 ಸರಿಯಾಗಿ ಬಂದು 4ರಲ್ಲಿ 30 ಡಿಗ್ರಿ ತೋರಿಸಿದರೆ ಕಾರ್ಡನ್ನು 0–20ಕ್ಕೆ ಸೆಟ್ ಮಾಡಿದ್ದಾರೆ. ಡಿಕೇಡ್ ಬಾಕ್ಸ್‌ನಲ್ಲಿ 105 ಇಟ್ಟಾಗ 78.75 ಬಂದು, 0 ಮಾತ್ರ ಸರಿಯಿದ್ದರೆ ಟ್ರಾನ್ಸ್‌ಮಿಟರ್ 0–200 ರೇಂಜ್‌ನಲ್ಲಿದೆ. ಎಲ್ಲ ಕಡೆಯೂ ಒಂದೆರಡು ಡಿಗ್ರಿ ಸಮನಾಗಿ ಹೆಚ್ಚಿದ್ದರೆ ಸೆನ್ಸರ್ ತಂತಿಯ ರೋಧ ನೋಡಿ. ಮೂರು ತಂತಿಯ ಪಿಟಿ100 ಅನ್ನು ಎರಡೇ ತಂತಿಯಲ್ಲಿ ಕಟ್ಟಿದ್ದರೆ ಹೀಗಾಗುತ್ತದೆ. 4, 8, 12, 16, 20 ಎಂದು ಐದು ಕಡೆ ಏರುತ್ತಾ ಒಮ್ಮೆ, ಇಳಿಯುತ್ತಾ ಒಮ್ಮೆ ಬರೆದುಕೊಳ್ಳಿ. ಅಲಾರಂ ಎಲ್ಲಿ ಹತ್ತಿತು, ಎಲ್ಲಿ ಆರಿತು ಎಂಬುದು ಎರಡೂ ದಿಕ್ಕಿನಲ್ಲಿ ನೋಡಿದರೇ ಗೊತ್ತಾಗುವುದು.

ಕ್ಯಾಲಿಬ್ರೇಟರ್‌ನಲ್ಲಿ ‘ಸೋರ್ಸ್’ ಮತ್ತು ‘ಸಿಮ್ಯುಲೇಟ್’ ಎಂದು ಎರಡು ಮೋಡ್ ಇರುತ್ತವೆ. ಪ್ಯಾನೆಲ್‌ನ 24 ವೋಲ್ಟ್ ಲೂಪ್‌ಗೆ ಬರುತ್ತಿದ್ದರೆ ‘ಸಿಮ್ಯುಲೇಟ್’ ಬಳಸಿ, ಆಗ ಅದು ಟ್ರಾನ್ಸ್‌ಮಿಟರ್‌ನಂತೆ ಕರೆಂಟನ್ನು ಮಿತಿಗೊಳಿಸುತ್ತದೆ. ‘ಸೋರ್ಸ್’ ಹಾಕಿದರೆ ಒಂದೇ ಲೂಪ್‌ನಲ್ಲಿ ಎರಡು ಸಪ್ಲೈ ಆಗಿ ಬೆಲೆ ಎತ್ತೆತ್ತಲೋ ಹೋಗುತ್ತದೆ. ‘ಕ್ಯಾಲಿಬ್ರೇಟರ್ ಕೆಟ್ಟಿದೆ’ ಎಂಬ ದೂರುಗಳಲ್ಲಿ ಇದನ್ನು ಮೊದಲು ನೋಡಬೇಕು.

ಈಗ ಹೆಚ್ಚಿನವರು ಬಿಡುವ ಪರೀಕ್ಷೆ. ಸೆನ್ಸರ್ ತುಂಡಾದರೆ ಟ್ರಾನ್ಸ್‌ಮಿಟರ್ ಸಾಮಾನ್ಯವಾಗಿ 3.6 ಮಿಲಿಆಂಪ್‌ಗೆ ಇಳಿಯುತ್ತದೆ ಅಥವಾ 21ಕ್ಕೆ ಏರುತ್ತದೆ. ನಾಮೂರ್ ಎನ್‌ಇ43 ಎಂಬ ಶಿಫಾರಸು ಹೇಳುವುದು ಇದನ್ನೇ. ಆದರೆ ಸೀಮೆನ್ಸ್ ಕಾರ್ಡ್ ತನ್ನ ಲೆಕ್ಕದಲ್ಲಿ ‘ತಂತಿ ಕಡಿದಿದೆ’ ಎನ್ನುವುದು ಕರೆಂಟ್ 1.185 ಮಿಲಿಆಂಪ್‌ಗಿಂತ ಕೆಳಗಿಳಿದಾಗ. ನಡುವೆ ಬಿದ್ದ 3.6 ಅದಕ್ಕೆ ಕೇವಲ ಮೈನಸ್ 691 ಎಂಬ ಒಂದು ಬೆಲೆ, ದೂರೇ ಇಲ್ಲ. 21 ಮಿಲಿಆಂಪ್ ಎಂದರೆ 29376, ಅದಕ್ಕೂ ತುಟಿ ಪಿಟಕ್ಕೆನ್ನದು. ಆದ್ದರಿಂದ ಈ ಎರಡು ಗಡಿಗಳನ್ನು ಪ್ರೋಗ್ರಾಂ ತಾನೇ ಹೋಲಿಸಿ ಅಲಾರಂ ಕೊಡಬೇಕು. ಕೊಡುತ್ತದೆಯೇ ಎಂದು ಕ್ಯಾಲಿಬ್ರೇಟರ್‌ನಲ್ಲಿ 3.6, 21 ಎರಡನ್ನೂ ಇಟ್ಟು ನೋಡಿ.

ಹಂಗಾಮಿನ ನಡುವೆ ಇದೇ ಕೆಲಸ ಮಾಡಬೇಕಾಗಿ ಬಂದರೆ, ತಂತಿ ಕಳಚುವ ಮೊದಲು ಪಿಐಡಿಯನ್ನು (ತಾಪಮಾನ ನೋಡಿ ವಾಲ್ವ್ ತಿದ್ದುವ ಕಂಟ್ರೋಲರ್) ಮ್ಯಾನುಯಲ್‌ಗೆ ಹಾಕಿ. ಹಾಕದೆ ಕಳಚಿದರೆ ಕಂಟ್ರೋಲರ್‌ಗೆ ಹಾಲು ತಣ್ಣಗಾಗಿದೆ ಎಂದು ಕಾಣಬಹುದು, ಆಗ ಸ್ಟೀಮ್ ವಾಲ್ವ್ ಪೂರ್ತಿ ತೆರೆಯುತ್ತದೆ. ಫೋರ್ಸ್ ಹಾಕಿ ಕಣ್ಣಿಗೆ ಬಟ್ಟೆ ಕಟ್ಟುವುದಕ್ಕಿಂತ ಮ್ಯಾನುಯಲ್ ಮೇಲು. ಆಪರೇಟರ್‌ಗೆ ಅದು ಪರದೆಯ ಮೇಲೆ ಕಾಣುತ್ತದೆ.

ಪ್ರಶ್ನೆ: ಸಣ್ಣ ಪ್ಯಾನೆಲ್ ತಯಾರಿಕಾ ಘಟಕ ನಮ್ಮದು. ಗ್ರಾಹಕರು ಬಂದು ನೋಡುವ ದಿನ ಫೀಲ್ಡ್ ಸೆನ್ಸರ್‌ಗಳು ಇರುವುದಿಲ್ಲ. ಫೋರ್ಸ್ ಬದಲು ಕಡಿಮೆ ಖರ್ಚಿನ ಸಿಮ್ಯುಲೇಟರ್ ಬೋರ್ಡ್ ಮಾಡಿಕೊಳ್ಳಲು ಬಿಡಿಭಾಗಗಳ ಅಳತೆಗಳನ್ನು ಕೊಡಿ.
– ತೂಬಿನಕೆರೆ, ಮಂಡ್ಯ

ಉತ್ತರ: ಒಳ್ಳೆ ಯೋಚನೆ. ಗ್ರಾಹಕರ ಎದುರು ಸ್ವಿಚ್ ಒತ್ತಿ ದೀಪ ಹತ್ತಿಸಿದರೆ ಸಿಗುವ ನಂಬಿಕೆ ಲ್ಯಾಪ್‌ಟಾಪ್‌ನಲ್ಲಿ ಬಿಟ್ ತಿರುಗಿಸಿದರೆ ಸಿಗುವುದಿಲ್ಲ.

ಡಿಜಿಟಲ್ ಇನ್‌ಪುಟ್‌ಗೆ: 16 ಟಾಗಲ್ ಸ್ವಿಚ್, 24 ವೋಲ್ಟ್ ಕಾಮನ್ ಮೇಲೆ 250 ಮಿಲಿಆಂಪ್ ಫ್ಯೂಸ್. ಒಂದು ಇನ್‌ಪುಟ್ ಸುಮಾರು 4 ಮಿಲಿಆಂಪ್ ಎಳೆಯುತ್ತದೆ, 16ಕ್ಕೆ 64, ಫ್ಯೂಸ್‌ಗೆ ತೊಂದರೆಯಿಲ್ಲ. ಪ್ರತಿ ಸ್ವಿಚ್‌ಗೆ ಸರಣಿಯಲ್ಲಿ 1 ಕಿಲೋಓಮ್, 1 ವ್ಯಾಟ್ ರೆಸಿಸ್ಟರ್ ಹಾಕಿ. ಇನ್‌ಪುಟ್‌ನ ಒಳರೋಧ ಸುಮಾರು 6 ಕಿಲೋಓಮ್ ಇರುವುದರಿಂದ ಟರ್ಮಿನಲ್‌ಗೆ ಇನ್ನೂ 20 ವೋಲ್ಟ್ ಮೇಲೆ ಸಿಗುತ್ತದೆ. ಎಸ್7-1200ಗೆ 15 ಸಾಕು. ಯಾರಾದರೂ ತಂತಿಯನ್ನು ತಪ್ಪಿ ಔಟ್‌ಪುಟ್‌ಗೋ ಸೊನ್ನೆ ವೋಲ್ಟ್‌ಗೋ ಮುಟ್ಟಿಸಿದರೆ ಹರಿಯುವುದು 24 ಮಿಲಿಆಂಪ್ ಮಾತ್ರ. ಆ ಒಂದು ರೆಸಿಸ್ಟರ್ ಒಂದು ಕಾರ್ಡ್ ಉಳಿಸುತ್ತದೆ. ಗ್ರಾಹಕರ ಸೆನ್ಸರ್‌ಗಳು ಎನ್‌ಪಿಎನ್ (ಸೊನ್ನೆ ವೋಲ್ಟ್ ಕೊಡುವ ಬಗೆ) ಆಗಿದ್ದರೆ ಇನ್‌ಪುಟ್ ಕಾಮನ್ 24ಕ್ಕೆ ಹೋಗಿರುತ್ತದೆ, ಆಗ ನಿಮ್ಮ ಸ್ವಿಚ್‌ಗಳು ಸೊನ್ನೆ ವೋಲ್ಟ್ ಕೊಡಬೇಕು. ಬೋರ್ಡ್ ಮೇಲೆ ಇದಕ್ಕೊಂದು ಚೇಂಜೋವರ್ ಸ್ವಿಚ್ ಇಡಿ.

ಸ್ಟಾಪ್ ಬಟನ್, ಓವರ್‌ಲೋಡ್, ಲಿಮಿಟ್ ಸ್ವಿಚ್‌ಗಳು ಎನ್‌ಸಿ (ಒತ್ತದಿದ್ದಾಗ ಕೂಡಿಕೊಂಡಿರುವ ಬಗೆ) ಆಗಿದ್ದರೆ ಸ್ವಿಚ್ ಮೇಲಿರುವಾಗ ‘ಸರಿ’, ಕೆಳಗಿರುವಾಗ ‘ಟ್ರಿಪ್’. ಬೋರ್ಡ್ ಮೇಲೆ ಹಾಗೆಯೇ ಬರೆದಿಡಿ, ಇಲ್ಲದಿದ್ದರೆ ಪ್ರತಿ ಸಲವೂ ಶುರುವಿನಲ್ಲಿ ಅರ್ಧ ಗಂಟೆ ‘ಮೋಟರ್ ಯಾಕೆ ಹೊರಡುತ್ತಿಲ್ಲ’ ಎಂಬುದರಲ್ಲೇ ಕಳೆಯುತ್ತದೆ.

0–10 ವೋಲ್ಟ್‌ಗೆ: 24 ವೋಲ್ಟ್‌ನಿಂದ 1.2 ಕಿಲೋಓಮ್ ಮತ್ತು 220 ಓಮ್ ಸರಣಿಯಲ್ಲಿ, ಅಲ್ಲಿಂದ 1 ಕಿಲೋಓಮ್ ಪಾಟ್ (ಗುಂಡಿ ತಿರುಗಿಸಿ ಬದಲಿಸುವ ರೆಸಿಸ್ಟರ್) ಸೊನ್ನೆಗೆ. ತುದಿಯಲ್ಲಿ 9.9 ವೋಲ್ಟ್ ಸಿಗುತ್ತದೆ. 10 ಕಿಲೋಓಮ್ ಪಾಟ್ ಮನೆಯಲ್ಲಿ ಬಿದ್ದಿದೆ ಎಂದು ಹಾಕಬೇಡಿ: 100 ಕಿಲೋಓಮ್ ಇನ್‌ಪುಟ್ ಅದನ್ನು ಎಳೆದು ನಡುವಿನಲ್ಲಿ 5 ವೋಲ್ಟ್ ಬದಲು 4.88 ತೋರಿಸುತ್ತದೆ. ಪಾಟ್‌ನ ಸೊನ್ನೆ ತಂತಿ ಬಿಟ್ಟುಹೋದರೆ ಇನ್‌ಪುಟ್ ಮೇಲೆ 24 ವೋಲ್ಟ್ ಬಂದು ಕೂರುತ್ತದೆ, ಆ ಬೆಸುಗೆ ಗಟ್ಟಿಯಾಗಿರಲಿ.

4–20 ಮಿಲಿಆಂಪ್‌ಗೆ: 24 ವೋಲ್ಟ್, 1 ಕಿಲೋಓಮ್ 1 ವ್ಯಾಟ್, 5 ಕಿಲೋಓಮ್ ಪಾಟ್ ರಿಯೋಸ್ಟಾಟ್‌ನಂತೆ, ಆಮೇಲೆ ಕಾರ್ಡ್‌ನ ಸುಮಾರು 250 ಓಮ್. ಸಿಗುವುದು 3.8ರಿಂದ 19.2 ಮಿಲಿಆಂಪ್. 1 ಕಿಲೋಓಮ್ ಬಿಟ್ಟರೆ ಪಾಟ್ ಕೊನೆಗೆ ಬಂದಾಗ 96 ಮಿಲಿಆಂಪ್ ಕಾರ್ಡ್‌ಗೆ ನುಗ್ಗುತ್ತದೆ. ಪಾಟ್ ವೈರ್‌ವೌಂಡ್, 3 ವ್ಯಾಟ್ ಇರಲಿ. ಕಾಲು ವ್ಯಾಟಿನ ಕಾರ್ಬನ್ ಪಾಟ್‌ನ ಪಟ್ಟಿ 7 ಮಿಲಿಆಂಪ್‌ಗಿಂತ ಹೆಚ್ಚು ತಾಳದು, ತುದಿಯಲ್ಲಿ ಸುಟ್ಟುಹೋಗುತ್ತದೆ. ಗುಂಡಿ ನಡುವಿನಲ್ಲಿದ್ದಾಗ 12 ಮಿಲಿಆಂಪ್ ನಿರೀಕ್ಷಿಸಬೇಡಿ, 6.4 ಬರುತ್ತದೆ. ಸರಣಿಯಲ್ಲಿ ಒಂದು ಮೀಟರ್ ಇಟ್ಟರೆ ಮುಗಿಯಿತು. ಇದು ಬೋರ್ಡ್ ಪರೀಕ್ಷೆಗೆ, ಕ್ಯಾಲಿಬ್ರೇಷನ್‌ಗೆ ಅಲ್ಲ.

ಪ್ರಶ್ನೆ: ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರುವ ಪ್ಯಾನೆಲ್‌ನಲ್ಲಿ ಔಟ್‌ಪುಟ್ ಫೋರ್ಸ್ ಮಾಡಿ ಕಾಂಟ್ಯಾಕ್ಟರ್‌ಗಳನ್ನು ಚೆಕ್ ಮಾಡಬಹುದೆ? ಸೀನಿಯರ್ ಒಬ್ಬರು ಬೇಡ ಅಂತಾರೆ, ಇನ್ನೊಬ್ಬರು ಮಾಡು ಅಂತಾರೆ.
– ಕೂರ್ಗಳ್ಳಿ, ಮೈಸೂರು

ಉತ್ತರ: ಇಬ್ಬರ ಮಾತೂ ಸರಿ. ಪವರ್ ಕಡೆ ಕರೆಂಟ್ ಇದ್ದರೆ ಬೇಡ, ಇಲ್ಲದಿದ್ದರೆ ಮಾಡಿ.

ಔಟ್‌ಪುಟ್ ಫೋರ್ಸ್ ಮಾಡಿದಾಗ ಲ್ಯಾಡರ್‌ನಲ್ಲಿ ಬರೆದ ಇಂಟರ್‌ಲಾಕ್ ಯಾವುದೂ ಲೆಕ್ಕಕ್ಕಿಲ್ಲ. ಸ್ಟಾರ್ ಕಾಂಟ್ಯಾಕ್ಟರ್ ಮೋಟರ್‌ನ ಮೂರು ತುದಿಗಳನ್ನು ಒಟ್ಟಿಗೆ ಕಟ್ಟಿ ಹಿಡಿದಿರುವಾಗ ಡೆಲ್ಟಾ ಎತ್ತಿಕೊಂಡರೆ ಮೂರು ಫೇಸ್‌ಗಳೂ ಆ ಗಂಟಿಗೇ ನೇರ ಬಂದು ಸೇರುತ್ತವೆ. ಅದು ಪಕ್ಕಾ ಶಾರ್ಟ್.

ಎಂಸಿಸಿಬಿ (ಪವರ್ ಕಡೆಯ ಬ್ರೇಕರ್) ಆರಿಸಿ, ಬೀಗ ಹಾಕಿ, ಟ್ಯಾಗ್ ಕಟ್ಟಿ. ಟೆಸ್ಟರ್ ನಂಬದೆ ಮಲ್ಟಿಮೀಟರ್‌ನಲ್ಲಿ ಮೂರೂ ಫೇಸ್ ಸತ್ತಿವೆಯೇ ನೋಡಿ. ಕಂಟ್ರೋಲ್ ಸಪ್ಲೈ ಮಾತ್ರ ಉಳಿಯಲಿ. ಎಸ್7-1200 ಆದರೆ ಫೋರ್ಸ್‌ಗಿಂತ ಒಳ್ಳೆ ದಾರಿ ಒಂದಿದೆ: ಸಿಪಿಯುವನ್ನು ಸ್ಟಾಪ್‌ಗೆ ತಂದು, ವಾಚ್ ಟೇಬಲ್‌ನಲ್ಲಿ ‘ಎನೇಬಲ್ ಪೆರಿಫೆರಲ್ ಔಟ್‌ಪುಟ್ಸ್’ ಒತ್ತಿ ಕ್ಯೂ (ಔಟ್‌ಪುಟ್) ವಿಳಾಸಗಳಿಗೆ ‘:ಪಿ’ ಸೇರಿಸಿ ಬೆಲೆ ಬರೆಯುವುದು. ಪ್ರೋಗ್ರಾಂ ಓಡುತ್ತಿರುವುದಿಲ್ಲ, ಹಿಂದೆ ಏನೂ ಉಳಿಯುವುದೂ ಇಲ್ಲ. ಎಲ್ಲಾದರೂ ಒಂದು ಫೋರ್ಸ್ ಚಾಲ್ತಿಯಲ್ಲಿದ್ದರೆ ಮಾತ್ರ ಇದು ಒಪ್ಪುವುದಿಲ್ಲ, ಮೊದಲು ಅದನ್ನು ತೆಗೆಯಿರಿ ಎನ್ನುತ್ತದೆ.

ಒಂದೊಂದೇ ಔಟ್‌ಪುಟ್ ಹಾಕಿ. ಸರಿಯಾದ ಕಾಂಟ್ಯಾಕ್ಟರ್ ಎತ್ತಿಕೊಂಡಿತೇ, ಅದರ ಫೀಡ್‌ಬ್ಯಾಕ್ ಸರಿಯಾದ ಇನ್‌ಪುಟ್ ದೀಪವನ್ನೇ ಹತ್ತಿಸಿತೇ ಎಂದು ನೋಡಿ ಆರಿಸಿ, ಮುಂದಕ್ಕೆ ಹೋಗಿ. ಎಲ್ಲ ಮುಗಿದ ಮೇಲೆ, ಬೀಗ ಇನ್ನೂ ಇರುವಾಗಲೇ, ಸ್ಟಾರ್ ಹಾಕಿಟ್ಟು ಡೆಲ್ಟಾವನ್ನೂ ಹಾಕಿ. ಪಿಎಲ್‌ಸಿಯ ಎರಡೂ ಔಟ್‌ಪುಟ್ ದೀಪ ಹತ್ತಬೇಕು, ಆದರೆ ಡೆಲ್ಟಾ ಕಾಂಟ್ಯಾಕ್ಟರ್ ಅಲುಗಾಡಬಾರದು. ಡೆಲ್ಟಾ ಕಾಯ್ಲ್‌ಗೆ ಸ್ಟಾರ್‌ನ 21–22 ಎನ್‌ಸಿ ಕಾಂಟ್ಯಾಕ್ಟ್ ಸರಣಿಯಲ್ಲಿ ಬಂದಿದ್ದರೆ ಹಾಗೇ ಆಗುತ್ತದೆ. ಡೆಲ್ಟಾ ‘ಟಕ್’ ಎಂದರೆ ಪ್ಯಾನೆಲ್ ವಾಪಸ್ ಕಳಿಸಿ. ಇಂಟರ್‌ಲಾಕನ್ನು ಸಾಫ್ಟ್‌ವೇರ್‌ಗೆ ಮಾತ್ರ ಬಿಟ್ಟಿದ್ದಾರೆ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಹಾಗೆಯೇ ಓವರ್‌ಲೋಡ್ ರಿಲೇ. ಅದರ 95–96 ಕಾಯ್ಲ್ ದಾರಿಯಲ್ಲಿ ಇದೆಯೇ, ಅಥವಾ ಪಿಎಲ್‌ಸಿ ಇನ್‌ಪುಟ್‌ಗೆ ಮಾತ್ರ ಹೋಗಿದೆಯೇ ನೋಡಿ. ಇನ್‌ಪುಟ್‌ಗೆ ಮಾತ್ರ ಹೋಗಿದ್ದರೆ ಔಟ್‌ಪುಟ್ ಫೋರ್ಸ್ ಆಗಿರುವಾಗ ಮೋಟರ್ ಸುಟ್ಟರೂ ರಿಲೇಯ ಕೂಗು ಯಾರಿಗೂ ಕೇಳದು. 95–96 ಕಾಯ್ಲ್‌ಗೆ, 97–98 ಪಿಎಲ್‌ಸಿಗೆ.

ಪ್ರಶ್ನೆ: ಪ್ಯಾಕಿಂಗ್ ಮೆಷಿನ್‌ನ ಗಾರ್ಡ್ ಬಾಗಿಲಿನ ಸ್ವಿಚ್ ಪದೇಪದೇ ಟ್ರಿಪ್ ಆಗುತ್ತದೆ. ಪ್ರೊಡಕ್ಷನ್ ನಿಲ್ಲಬಾರದು, ಆ ಇನ್‌ಪುಟನ್ನು ಫೋರ್ಸ್ ಮಾಡು ಎಂದು ಸೂಪರ್‌ವೈಸರ್ ಹೇಳುತ್ತಿದ್ದಾರೆ. ಮಾಡಲೇ?
– ನಂಜನಗೂಡು

ಉತ್ತರ: ಮಾಡಬೇಡಿ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಮಿನ ಪ್ರಕಾರವೂ ಯಂತ್ರದ ಅಪಾಯದ ಭಾಗ ಚಲಿಸುತ್ತಿರುವಾಗ ಅದರ ರಕ್ಷಣೆ ಸ್ಥಾನದಲ್ಲಿರಬೇಕಿತ್ತು. ಆ ಕಲಮಿಗೆ ‘ಪ್ರೊಡಕ್ಷನ್’ ಎಂಬ ಕಾರಣ ಗೊತ್ತಿರಲಿಲ್ಲ. ನಿಮ್ಮಿಂದ ಫೋರ್ಸ್ ಮಾಡಲು ಆಗುತ್ತಿದೆ ಎಂದರೆ ಆ ಬಾಗಿಲು ಸಾಮಾನ್ಯ ಇನ್‌ಪುಟ್‌ಗೆ ಕಟ್ಟಿದೆ ಎಂದರ್ಥ, ಅದು ಇನ್ನೂ ದೊಡ್ಡ ದೋಷ. ಗಾರ್ಡ್ ಸ್ವಿಚ್ ಎರಡು ಚಾನೆಲ್‌ನಲ್ಲಿ ಸೇಫ್ಟಿ ರಿಲೇಗೆ ಹೋಗಬೇಕು, ಪಿಎಲ್‌ಸಿಗೆ ಬರುವುದು ಸುದ್ದಿ ಮಾತ್ರ.

ಟ್ರಿಪ್‌ಗೆ ಕಾರಣ ಹೆಚ್ಚಾಗಿ ಬಾಗಿಲೇ. ಕೀಲು ಸವೆದು ಬಾಗಿಲು ಒಂದೆರಡು ಮಿಲಿಮೀಟರ್ ಜೋತುಬಿದ್ದಿರುತ್ತದೆ, ಮೆಷಿನ್ ನಡುಗಿದಾಗ ಸ್ವಿಚ್‌ನ ನಾಲಗೆ ಹೊರಬರುತ್ತದೆ. ಕೀಲು, ಚಿಲಕ, ಕೇಬಲ್ ಗ್ಲ್ಯಾಂಡ್ ಈ ಮೂರನ್ನು ನೋಡಿ. ಸೂಪರ್‌ವೈಸರ್ ಒತ್ತಾಯಿಸಿದರೆ ಬರಹದಲ್ಲಿ ಕೊಡಿ ಎನ್ನಿ.

ಪ್ರಶ್ನೆ: ಪದೇಪದೇ ಪರೀಕ್ಷೆ ಮಾಡಬೇಕಾಗುತ್ತದೆ, ಪ್ರತಿ ಸಲ ಫೋರ್ಸ್ ಹಾಕಿ ತೆಗೆಯುವ ಬದಲು ಪ್ರೋಗ್ರಾಂನಲ್ಲೇ ವ್ಯವಸ್ಥೆ ಮಾಡಬಹುದೆ? ಫೋರ್ಸ್‌ಗೆ ರಿಜಿಸ್ಟರ್ ಇಡುವುದು ಹೇಗೆ?
– ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಉತ್ತರ: ಮಾಡಬಹುದು, ಮಾಡಲೂ ಬೇಕು. ಎಲ್ಲ ಇನ್‌ಪುಟ್‌ಗಳನ್ನೂ ಮೊದಲು ಒಂದು ಬ್ಲಾಕ್‌ಗೆ ತನ್ನಿ. ಉಳಿದ ಪ್ರೋಗ್ರಾಂ ಅಲ್ಲಿಂದ ಹೊರಬಂದ ಬೆಲೆಯನ್ನೇ ಬಳಸಲಿ, ನೇರ ಐ (ಇನ್‌ಪುಟ್) ವಿಳಾಸವನ್ನು ಎಲ್ಲೂ ಮುಟ್ಟದಿರಲಿ. ಆ ಬ್ಲಾಕ್‌ನಲ್ಲಿ ಪ್ರತಿ ಇನ್‌ಪುಟ್‌ಗೆ ಎರಡು ಸಂಗತಿ: ‘ಸಿಮ್ಯುಲೇಷನ್ ಬೇಕು’ ಎಂಬ ಬಿಟ್, ಮತ್ತು ಸಿಮ್ಯುಲೇಷನ್ ಬೆಲೆ. ಬಿಟ್ 1 ಆದರೆ ಆ ಬೆಲೆ ಮುಂದೆ ಹೋಗುತ್ತದೆ, 0 ಆದರೆ ನಿಜವಾದದ್ದು. ಈ ಬಿಟ್‌ಗಳು ರಿಟೆಂಟಿವ್ ಆಗಿರಬಾರದು, ಕರೆಂಟ್ ಹೋಗಿ ಬಂದರೆ ತಾವೇ ಬಿದ್ದುಹೋಗಬೇಕು. ಹಾಕಿದ 30 ನಿಮಿಷಕ್ಕೆ ಟೈಮರ್ ಅವನ್ನು ಇಳಿಸಲಿ. ಒಂದಾದರೂ ಎದ್ದಿರುವಷ್ಟು ಹೊತ್ತು ಎಚ್‌ಎಂಐನ (ಆಪರೇಟರ್ ಪರದೆಯ) ಎಲ್ಲ ಪುಟಗಳ ನೆತ್ತಿಯಲ್ಲೂ ಕೆಂಪು ಪಟ್ಟಿ ಇರಲಿ. ಫೋರ್ಸ್‌ನಲ್ಲಿ ಇಲ್ಲದ್ದು ಇದೇ: ಪ್ಯಾನೆಲ್ ಬಾಗಿಲು ಮುಚ್ಚಿದರೆ ಹಳದಿ ದೀಪ ಆಪರೇಟರ್‌ಗೆ ಕಾಣುವುದಿಲ್ಲ. ಔಟ್‌ಪುಟ್‌ಗೆ ಮತ್ತು ಸೇಫ್ಟಿ ಇನ್‌ಪುಟ್‌ಗೆ ಈ ಸೌಲಭ್ಯ ಕೊಡಬೇಡಿ.

ರಿಜಿಸ್ಟರ್‌ನಲ್ಲಿ ವಿಳಾಸ, ತಂತಿಯ ಫೆರೂಲ್ ನಂಬರ್, ಫೋರ್ಸ್ ಮಾಡಿದ ಬೆಲೆ, ಕಾರಣ, ಹಾಕಿದ ಸಮಯ, ಹಾಕಿದವರ ಸಹಿ, ತೆಗೆಯಬೇಕಾದ ಸಮಯ, ತೆಗೆದವರ ಸಹಿ ಇಷ್ಟು ಸಾಕು. ‘ತೆಗೆಯಬೇಕಾದ ಸಮಯ’ದ ಅಂಕಣ ಖಾಲಿ ಬಿಟ್ಟು ಹಾಕುವ ಫೋರ್ಸ್‌ಗೆ ಒಪ್ಪಿಗೆ ಬೇಡ. ಪಾಳಿ ಬದಲಾಗುವಾಗ ಇಬ್ಬರೂ ನಿಂತು ಪ್ಯಾನೆಲ್ ಬಾಗಿಲು ತೆರೆದು ದೀಪ ನೋಡಿ ಸಹಿ ಹಾಕಲಿ. ಪುಸ್ತಕ ನೋಡಿ ಅಲ್ಲ.

ಪ್ರಶ್ನೆ: ಮಾಡ್‌ಬಸ್‌ನಲ್ಲಿ (ಸಾಧನಗಳು ಪರಸ್ಪರ ಮಾತಾಡುವ ಪದ್ಧತಿ) ‘ಫೋರ್ಸ್ ಸಿಂಗಲ್ ಕಾಯ್ಲ್’ ಕೂಡ ಇದೇ ಥರದ ಫೋರ್ಸಾ? ಕಾಯ್ಲ್ 1ಕ್ಕೆ ಕಳಿಸಿದರೆ ಎರಡನೇ ರಿಲೇ ಹತ್ತುತ್ತದೆ.
– ಶ್ರೀರಂಗಪಟ್ಟಣ

ಉತ್ತರ: ಹೆಸರು ಹಳೆಯದು, ಕೆಲಸ ಬರೆಯುವುದಷ್ಟೇ, ಹಿಡಿಯುವುದಲ್ಲ. ಫಂಕ್ಷನ್ 05ಕ್ಕೆ ಈಗ ‘ರೈಟ್ ಸಿಂಗಲ್ ಕಾಯ್ಲ್’ ಎನ್ನುತ್ತಾರೆ. ಆನ್‌ಗೆ ಎಫ್‌ಎಫ್‌00, ಆಫ್‌ಗೆ 0000. ಬರೀ 1 ಕಳಿಸಿದರೆ ಸಾಧನ ಒಪ್ಪುವುದಿಲ್ಲ. ಎರಡನೇ ರಿಲೇ ಹತ್ತುವುದು ಎಣಿಕೆಯ ತಕರಾರು: ತಂತಿಯ ಮೇಲೆ ವಿಳಾಸ 0ಯಿಂದ ಶುರು, ಕೈಪಿಡಿಯಲ್ಲಿ 1ರಿಂದ. ಮೊದಲ ರಿಲೇಗೆ 0 ಕಳಿಸಿ. ಟೆಂಪರೇಚರ್ ಕಂಟ್ರೋಲರ್‌ನ ಸೆಟ್‌ಪಾಯಿಂಟನ್ನು ಹೀಗೆ ಬರೆಯುವವರು ಸೆಕೆಂಡಿಗೊಮ್ಮೆ ಬರೆಯುತ್ತಾ ಕೂರಬೇಡಿ. ಹಲವು ಕಂಟ್ರೋಲರ್‌ಗಳು ಅದನ್ನು ಪ್ರತಿ ಸಲವೂ ಇಇಪ್ರಾಮ್ ಎಂಬ, ಕರೆಂಟ್ ಹೋದರೂ ಅಳಿಯದ ಮೆಮೊರಿಗೆ ಉಳಿಸುತ್ತವೆ, ಅದಕ್ಕೆ ಬರೆಯುವ ಆಯುಷ್ಯ ಎಣಿಸಿಟ್ಟಿರುತ್ತದೆ. ಬೆಲೆ ಬದಲಾದಾಗ ಮಾತ್ರ ಬರೆಯಿರಿ.